ವಾಚನಾಲಯಕ್ಕೆ ಕಾಯಿ ಹಾಕುವ ದಿನ

ಹಳೆಯ ಪತ್ರಿಕೆ ಕಂಡರೆ ನನಗೆ ಸೀನು ಬರುತ್ತದೆ. ಧೂಳಿಗೆ ಯಾರಿಗೆ ಬರುವುದಿಲ್ಲ ಎಂದು ನೀವು ಕೇಳಬಹುದು. ಆದರೆ ನನ್ನ ಸೀನಿಗೆ ಧೂಳು ಬೇಕಾಗಿಲ್ಲ, ಕಾಗದವೂ ಬೇಕಾಗಿಲ್ಲ. ಮೊನ್ನೆ ರಾಣೆಬೆನ್ನೂರಿನ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು, ಗೆಳೆಯ ಖಾದರ ಮೊಬೈಲಿಗೆ ಕಳಿಸಿದ್ದ ಹಳೆಯ ವಾರಪತ್ರಿಕೆಯ ಪುಟವೊಂದರ ಚಿತ್ರವನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡುತ್ತಿದ್ದೆ. ಹಳದಿಗಟ್ಟಿದ ಹಾಳೆ, ಮಡಿಕೆಯ ಗೆರೆ, ಅಂಚಿನಲ್ಲೊಂದು ಕೆಂಪು ಕಲೆ. ಅಷ್ಟೇ. ಒಂದರ ಹಿಂದೊಂದು ಸೀನು ಶುರುವಾಯಿತು.

ಒಳಗೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಕೈ ನಿಲ್ಲಿಸಿ ಕೇಳಿದಳು: "ಏನ್ರೀ, ಮೊಬೈಲ್‌ನ್ಯಾಗೂ ಧೂಳ ಬರಾಕತ್ತೇತೇನು?"

"ಧೂಳಲ್ಲ, ಕಾಯಿ ಘಾಟು" ಎಂದೆ.

"ನಾ ಒಗ್ಗರಣಿ ಹಾಕಿದ್ರ ಸೀನಂಗಿಲ್ಲ, ಚಿತ್ರಕ್ಕ ಸೀನತೀರಿ. ಭಾರಿ ಐತಿ ಬಿಡ್ರಿ ನಿಮ್ಮ ಮೂಗು."

ಬ್ಯಾಡಗಿಯಲ್ಲಿ ಕಾಯಿ ಎಂದರೆ ಒಣಮೆಣಸಿನಕಾಯಿ. ಬೇರೆ ಕಾಯಿಗಳು ಬೇಕಾದರೆ ಅವುಗಳ ಪೂರ್ತಿ ಹೆಸರು ಹೇಳಬೇಕು. ನಾನು ಹುಟ್ಟಿ ಬೆಳೆದದ್ದು ಆ ಊರಿನಲ್ಲಿ. ಮುಂದೆ ಹಾವೇರಿಯಲ್ಲಿ ಪತ್ರಿಕೆಯೊಂದರ ವರದಿಗಾರನಾದೆ, ಮನೆ ಮಾಡಿದ್ದು ರಾಣೆಬೆನ್ನೂರಿನಲ್ಲಿ. ಹೀಗಾಗಿ ನನ್ನ ಆಯುಷ್ಯದ ದೊಡ್ಡ ಭಾಗ ಈ ಮೂರು ಊರುಗಳ ನಡುವೆ ಬಸ್ಸಿನ ಕಿಟಕಿಗೆ ತಲೆಯಾನಿಸಿಕೊಂಡು ಕಳೆದಿದೆ. ಕಾಯಿಯ ಹಂಗಾಮಿನಲ್ಲಿ ಬಸ್ಸು ಮೋಟೆಬೆನ್ನೂರು ತಲುಪಿತೆಂದರೆ ಕಂಡಕ್ಟರ್ ಕೂಗಿ ಎಬ್ಬಿಸಬೇಕಾಗಿಲ್ಲ. ಬ್ಯಾಡಗಿಯ ಕಡೆಯಿಂದ ಬರುವ ಗಾಳಿ ಕಿಟಕಿಯೊಳಗೆ ನುಗ್ಗಿ, ಮಲಗಿದ್ದವರು ಒಬ್ಬೊಬ್ಬರಾಗಿ ಸೀನಿ ಎಚ್ಚರಾಗುತ್ತಾರೆ. ಇಳಿಯುವವರು ಇಳಿಯುತ್ತಾರೆ, ಉಳಿದವರು ಮತ್ತೆ ನಿದ್ದೆ ಹೋಗುತ್ತಾರೆ. ಆ ಎಚ್ಚರ ಮತ್ತು ನಿದ್ದೆಯ ನಡುವಿನ ಗಳಿಗೆಯಲ್ಲಿ ಎಷ್ಟೋ ಸಲ ನಾನು ಚಿಕ್ಕವನಾಗಿದ್ದೇನೆ.

ವೃತ್ತಿ ಮಾತ್ರ ಇದಕ್ಕೆ ಪೂರ್ತಿ ವಿರುದ್ಧ. ಯಾರು, ಏನು, ಎಲ್ಲಿ, ಯಾವಾಗ ಎಂದು ಕೇಳದೆ ನನ್ನ ಪೆನ್ನು ಏಳುತ್ತಿರಲಿಲ್ಲ. ನಮ್ಮ ಹಿರಿಯ ಉಪಸಂಪಾದಕರು ಒಬ್ಬನೇ ಹೇಳಿದ ಸಂಗತಿಯನ್ನು ಎಂದೂ ಅಚ್ಚಿಗೆ ಬಿಟ್ಟವರಲ್ಲ. "ಇನ್ನೊಬ್ಬನ್ನ ಕೇಳಿ ಬಾ" ಎಂದು ಫೋನು ಇಟ್ಟುಬಿಡುತ್ತಿದ್ದರು. ಈ ಚಟ ಮನೆಯವರೆಗೂ ಬಂದಿದೆ. ಹಾಲು ಒಡೆದಿದೆ ಎಂದು ಹೆಂಡತಿ ಹೇಳಿದರೆ ಪಕ್ಕದ ಮನೆಯವರನ್ನೂ ಒಂದು ಮಾತು ಕೇಳೋಣ ಅನ್ನಿಸುತ್ತದೆ. ಇಂಥ ಮನುಷ್ಯ ಬ್ಯಾಡಗಿಯ ವಾಚನಾಲಯದ ವಿಷಯ ಬಂದರೆ ಹತ್ತಿಯ ಹಾಗೆ ಹಗುರಾಗುತ್ತಾನೆ. ಏಕೆಂದು ಹೇಳುತ್ತೇನೆ.

ಪೇಟೆಯ ಹಿಂದಿನ ಓಣಿಯಲ್ಲಿ ಹಂಚಿನ ಮಾಡಿನ ಒಂದು ಉದ್ದನೆಯ ಕೋಣೆ, ಮುಂದೆ ಪಡಸಾಲೆ. ಅದೇ ವಾಚನಾಲಯ. ಮಾಡಿನ ನಡುವೆ ಒಂದೇ ಒಂದು ಗಾಜಿನ ಹಂಚು. ಅದರಿಂದ ಇಳಿದ ಬಿಸಿಲಿನ ತುಂಡು ಬೆಳಿಗ್ಗೆ ಪಡುವಣ ಗೋಡೆಯ ಮೇಲಿರುತ್ತಿತ್ತು, ಮಧ್ಯಾಹ್ನ ಮೇಜಿಗೆ ಬರುತ್ತಿತ್ತು, ಸಂಜೆ ಕಪಾಟು ಹತ್ತಿ ಮಾಯವಾಗುತ್ತಿತ್ತು. ಕರೆಂಟು ಇಲ್ಲದ ದಿನ ನಾವು ಹುಡುಗರು ಪತ್ರಿಕೆ ಹಿಡಿದುಕೊಂಡು ಆ ಬಿಸಿಲಿನ ಹಿಂದೆ ಸರಿಯುತ್ತ ಹೋಗುತ್ತಿದ್ದೆವು. ಸುದ್ದಿ ಮುಗಿಯುವಷ್ಟರಲ್ಲಿ ಕೋಣೆಯ ಇನ್ನೊಂದು ತುದಿಗೆ ಬಂದಿರುತ್ತಿದ್ದೆವು. ಇಂದಿಗೂ ದೀರ್ಘ ಲೇಖನ ಓದುವಾಗ ನನಗೆ ಅರಿವಿಲ್ಲದೆಯೇ ಕುರ್ಚಿಯಲ್ಲಿ ಬಲಕ್ಕೆ ಸರಿಯುತ್ತೇನಂತೆ. ಇದಕ್ಕೂ ನನ್ನ ಹೆಂಡತಿಯೇ ಸಾಕ್ಷಿ, ಎರಡನೆಯವರು ಸಿಕ್ಕಿಲ್ಲ.

ಅದನ್ನು ಕಟ್ಟಿ ನಡೆಸಿದವರು ಚನ್ನಪ್ಪ ಮಾಸ್ತರರು. ಅವರಿಗೆ ಕಾಗದ ಎಸೆಯುವುದು ಗೊತ್ತಿರಲಿಲ್ಲ. ಜಿಲ್ಲೆಯ ಸಣ್ಣಪುಟ್ಟ ವಾರಪತ್ರಿಕೆಗಳು, ಊರೂರು ತಿರುಗುತ್ತಿದ್ದ ನಾಟಕ ಕಂಪನಿಗಳ ಕರಪತ್ರಗಳು, ಸ್ವಾತಂತ್ರ್ಯ ಚಳವಳಿಯ ಕಾಲದ ತುಂಡು ಹಾಳೆಗಳು, ಲಗ್ನಪತ್ರಿಕೆಗಳು, ಶಾಲೆಯ ಮಕ್ಕಳು ಕೈಯಲ್ಲಿ ಬರೆದ ಪತ್ರಿಕೆ. ಎಲ್ಲವನ್ನೂ ಬಟ್ಟೆಯಲ್ಲಿ ಕಟ್ಟಿ ಕಪಾಟಿನಲ್ಲಿಡುತ್ತಿದ್ದರು. ಸಂಕ್ರಾಂತಿ ಕಳೆದು ಹೊಸ ಕಾಯಿ ಪೇಟೆಗೆ ತುಂಬಿ ಬಂದಾಗ ವರ್ಷಕ್ಕೊಂದು ದಿನ "ಕಾಯಿ ಹಾಕೋದು" ಇರುತ್ತಿತ್ತು. ವ್ಯಾಪಾರಿಗಳ ಮನೆಗಳಿಂದ ಒಂದೊಂದು ಬೊಗಸೆ ಹೊಸ ಕಾಯಿ ವಾಚನಾಲಯಕ್ಕೆ ಬರುತ್ತಿತ್ತು. ಹೆಚ್ಚಿನ ಪಾಲು ಖಾದರನ ತಂದೆಯ ದಲಾಲಿ ಅಂಗಡಿಯದು. ಹಳೇ ಧೋತರದ ಅರಿವೆಯಲ್ಲಿ ಅದನ್ನು ಪುಟ್ಟ ಪುಟ್ಟ ಗಂಟು ಕಟ್ಟಿ, ಕಾಗದದ ಗಂಟುಗಳೊಳಗೆ ಸೇರಿಸುವುದು. ಘಾಟಿಗೆ ಹುಳ ಬರುವುದಿಲ್ಲ ಎಂಬ ನಂಬಿಕೆ. ನಮಗೇ ಇಷ್ಟು ಸೀನು ಬರುವಾಗ ಜೀರಿಗೆಯಷ್ಟಿರುವ ಹುಳ ತಡೆದುಕೊಂಡೀತೆ ಎಂದು ನಾವೂ ನಂಬಿದ್ದೆವು. ಆ ದಿನ ಮಾಸ್ತರರು ನಮಗೆ ಹೇಳುತ್ತಿದ್ದ ಒಂದು ಮಾತು ಇತ್ತು. ಅದು ನನಗೆ ಬಹಳ ತಡವಾಗಿ ನೆನಪಾಯಿತು, ನೆನಪಾದ ಜಾಗದಲ್ಲಿಯೇ ಹೇಳುವುದು ಸರಿ.

ಮಾಸ್ತರರು ಹೋದ ಮೇಲೆ ವಾಚನಾಲಯ ಬಂದದ್ದು ಅವರ ಮಗಳು ನೀಲಕ್ಕನ ಕೈಗೆ. ಅಗಡಿಗೆ ಮದುವೆಯಾಗಿ ಹೋಗಿದ್ದವಳು, ಗಂಡ ತೀರಿಕೊಂಡ ಮೇಲೆ ತಿರುಗಿ ಬಂದು ಆ ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಕುಳಿತಳು. ನನಗಿಂತ ಸ್ವಲ್ಪ ದೊಡ್ಡವಳು. ನಾನು ಪತ್ರಿಕೆ ಸೇರಿದಂದಿನಿಂದ ನನ್ನನ್ನು "ಪೇಪರಪ್ಪ" ಎಂದೇ ಕರೆಯುತ್ತಾಳೆ. ಅಪ್ಪನ ಪದ್ಧತಿಯನ್ನು ಅವಳು ಒಂದು ವರ್ಷವೂ ತಪ್ಪಿಸಲಿಲ್ಲ. ಮಳೆಗೆ ಹನಿ ಬೀಳಬಾರದೆಂದು ಪ್ರತಿ ಗಂಟಿಗೂ ಪ್ಲಾಸ್ಟಿಕ್ ಚೀಲ ಹಾಕಿದಳು. ಹಳೆಯ ಕಾಗದ ಮುಟ್ಟಿದರೆ ಹರಿದೀತೆಂದು ಚೀಲದ ಬಾಯಿ ಚೂರೇ ತೆರೆದು, ಕಾಯಿಯ ಗಂಟನ್ನು ಒಳಗೆ ನೂಕಿ, ಮತ್ತೆ ಕಟ್ಟುತ್ತಿದ್ದಳು. ಮಲಗಿದ ಕೂಸಿನ ಹೊದಿಕೆ ಸರಿಮಾಡುವಷ್ಟು ಹಗುರಾಗಿ.

ಹೋದ ಮಳೆಗಾಲದಲ್ಲಿ ಅವಳ ಫೋನು ಬಂತು.

"ಪೇಪರಪ್ಪ, ಹಿಟ್ಟು ಬೀಳಾಕತ್ತೇತೋ."

"ಎಲ್ಲಿಂದ ಅಕ್ಕ?"

"ಕಪಾಟಿನ್ಯಾಗಿಂದ. ನಸುಕಿನ್ಯಾಗ ಕಸಾ ಹೊಡದ್ರ ಮಧ್ಯಾಹ್ನಕ್ಕ ಮತ್ತ ಬಿದ್ದಿರತೈತಿ. ಜ್ವಾಳದ ಹಿಟ್ಟಿನಂಗ. ಲಗೂನ ಬಾ."

ಹೋಗಿ ನೋಡಿದೆ. ಗಂಟುಗಳ ಅಂಚಿನಲ್ಲಿ ಗುಂಡುಸೂಜಿ ಚುಚ್ಚಿದಂಥ ತೂತುಗಳು. ಒಂದು ತೂತು ಮೇಲಿನ ಹಾಳೆಯಿಂದ ಕೆಳಗಿನ ಹಾಳೆಯವರೆಗೆ ನೇರವಾಗಿ ಇಳಿದಿತ್ತು. ಖಾದರನೂ ಬಂದಿದ್ದ. ಈಗ ಅಪ್ಪನ ದಲಾಲಿ ಅಂಗಡಿ ಅವನದು, ವಾಚನಾಲಯದ ಸಮಿತಿಗೆ ಅಧ್ಯಕ್ಷನೂ ಅವನೇ. ದೊಡ್ಡ ಊರಿನ ಸಂಸ್ಥೆಯೊಂದು ಈ ಸಂಗ್ರಹವನ್ನೆಲ್ಲ ತಾನು ಒಯ್ದು, ತಂಪು ಕೋಣೆಯಲ್ಲಿಟ್ಟು ಕಾಯುವುದಾಗಿ ಹಿಂದೆಯೇ ಕೇಳಿತ್ತು. ಖಾದರ ಅದನ್ನೇ ಹಿಡಿದುಕೊಂಡ.

"ಕೊಟ್ಟುಬಿಡೂನು ಅಕ್ಕ. ಅಲ್ಲಿ ಏಸಿ ಐತಿ. ಇಲ್ಲಿ ಫ್ಯಾನ್ ಸೈತ ಮನಸ್ಸು ಬಂದ್ರ ತಿರಗತೈತಿ."

"ಮೋಟೆಬೆನ್ನೂರಿನ ಆ ಮುದುಕಿ ಬರತಾಳಲ್ಲ ವರ್ಷಾ ಆಗಸ್ಟ್‌ನ್ಯಾಗ," ಎಂದಳು ನೀಲಕ್ಕ. "ಅವರಪ್ಪನ ಹೆಸರು ಇರೂ ಹಾಳಿ ಮ್ಯಾಲೆ ಕೈ ಇಟ್ಟು, ಸುಮ್ನ ಕುಂತು ಹೋಗತಾಳ. ಅಕ್ಷರ ಬರಂಗಿಲ್ಲ ಆಕಿಗೆ. ಎಲ್ಲಿ ಬೆರಳಿಡಬೇಕು ಅನ್ನೋದು ಮಾತ್ರ ಗೊತ್ತೈತಿ. ಆಕೀನ್ನ ನಿನ್ನ ಏಸಿ ಕೋಣ್ಯಾಗ ಯಾರು ಒಳಗ ಬಿಡತಾರೋ ಖಾದರ?"

ಖಾದರ ಕಪಾಟಿನ ಕೆಳಗೆ ಬೆರಳು ಮಾಡಿ ತೋರಿಸಿದ. ಹಿಟ್ಟು ಬೀಳುತ್ತಲೇ ಇತ್ತು.

ಸಣ್ಣ ಸಂಸ್ಥೆಗಳ ಹಳೆಯ ಸಂಗ್ರಹ ಉಳಿಸಲು ನೆರವು ನೀಡುವ ಯೋಜನೆಯೊಂದು ಇರುವುದು ನನಗೆ ಗೊತ್ತಿತ್ತು. ಅರ್ಜಿ ಬರೆಯುವ ಕೆಲಸ ನನಗೇ ಬಿತ್ತು. ಉಕ್ಕಿನ ಕಪಾಟುಗಳು ಬೇಕು, ತೇವ ಹೀರುವ ಯಂತ್ರ ಬೇಕು ಎಂದು ಅಡ್ಡ ಮಾತಿಲ್ಲದೆ ಬರೆದೆ. ಅವರ ಉತ್ತರವೂ ಅಷ್ಟೇ ನೇರವಾಗಿತ್ತು: ನಾವು ವಸ್ತು ಕೊಡುವುದಿಲ್ಲ, ತಜ್ಞರನ್ನು ಕಳಿಸುತ್ತೇವೆ, ಅವರು ಬಂದು ಕೆಲವು ದಿನ ಇದ್ದು, ನೋಡಿ, ಏನು ಮಾಡಬೇಕೆಂದು ಕಲಿಸುತ್ತಾರೆ.

ಖಾದರ ತಲೆ ಚಚ್ಚಿಕೊಂಡ. "ಕಪಾಟ ಕೇಳಿದ್ರ ಮನಷ್ಯಾರನ್ನ ಕಳಸಾಕತ್ತಾರ. ಅವರನ್ನ ಎಲ್ಲಿ ಇಡೂನು? ಅದಕ್ಕೊಂದು ಕಪಾಟ ಬೇಕಲ್ಲೋ ಪೇಪರಪ್ಪ!"

ಆದರೂ ಒಂದು ಒಪ್ಪಂದವಾಯಿತು. ಬರುವ ತಜ್ಞರು ಇಲ್ಲಿಯೇ ಇರಬಹುದು ಎಂದರೆ ಸಂಗ್ರಹ ಇಲ್ಲಿಯೇ. ಕಳಿಸಿ ಎಂದರೆ ಕಳಿಸುವುದು. "ಆಮ್ಯಾಲೆ ಅಳೂಹಂಗಿಲ್ಲ ಅಕ್ಕ" ಎಂದ ಖಾದರ. "ಅಳಾಕ ನಾ ಏನು ಸಣ್ಣ ಕೂಸೇನು?" ಎಂದು ನೀಲಕ್ಕ ಮುಖ ತಿರುಗಿಸಿದಳು.

ಬಂದವಳು ಮೈಸೂರು ಕಡೆಯ ವಸುಧಾ, ನಮ್ಮ ಮಕ್ಕಳ ವಯಸ್ಸಿನವಳು. ಹೆಗಲ ಚೀಲದಲ್ಲಿ ಮೆತ್ತನೆಯ ಕುಂಚಗಳು, ಭೂತಗನ್ನಡಿ, ಟಾರ್ಚು. ಖಾದರ ಹಾವೇರಿಯಿಂದ ಏಲಕ್ಕಿ ಹಾರ ತರಿಸಿದ್ದ. ಅವಳು ಸಂತೋಷದಿಂದ ಹಾಕಿಸಿಕೊಂಡಳು, ಫೋಟೊ ತೆಗೆಸಿಕೊಂಡಳು, ಆಮೇಲೆ ಹಾರವನ್ನು ಪಡಸಾಲೆಯ ಮೊಳೆಗೆ ತೂಗುಹಾಕಿ ಬರಿಗೊರಳಲ್ಲಿ ಒಳಗೆ ಹೋದಳು.

"ಏನು ವಿನಯ ನೋಡೋ" ಎಂದ ಖಾದರ ನನ್ನ ಕಿವಿಯಲ್ಲಿ.

ವಿನಯವಲ್ಲ ಅದು ಎಂಬುದು ಮಧ್ಯಾಹ್ನ ತಿಳಿಯಿತು.

ಅರ್ಧ ದಿನ ಅವಳು ಏನನ್ನೂ ಮುಟ್ಟಲಿಲ್ಲ. ಗೋಡೆ ನೋಡಿದಳು, ಮಾಡು ನೋಡಿದಳು, ಕಪಾಟಿನ ಹಿಂದೆ ಟಾರ್ಚು ಬಿಟ್ಟಳು. ಗಾಜಿನ ಹಂಚಿನಿಂದ ಇಳಿದ ಬಿಸಿಲಿನಲ್ಲಿ ಕೈ ಹಿಡಿದು ನಿಂತು, "ಚೆನ್ನಾಗಿದೆ, ಆದ್ರೆ ಇದರ ಕೆಳಗೆ ಕಾಗದ ಇಡ್ಬೇಡಿ" ಎಂದಳು. ನೀಲಕ್ಕ ಅವಳ ಹಿಂದೆಯೇ ತಿರುಗುತ್ತಿದ್ದಳು. ಕೂಸನ್ನು ಡಾಕ್ಟರರ ಕೈಗೆ ಕೊಟ್ಟ ತಾಯಿಯ ಮುಖ. ಊಟವಾದ ಮೇಲೆ ವಸುಧಾ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಒಂದು ಗಂಟನ್ನು ಚೀಲದಿಂದ ಹೊರತೆಗೆದು ಬಿಚ್ಚಿದಳು. ಹಾಳೆಗಳ ನಡುವೆ ಹಳೆಯ ವರ್ಷಗಳ ಕಾಯಿಯ ಗಂಟುಗಳೆಲ್ಲ ಒಂದರ ಪಕ್ಕ ಒಂದು ಕುಳಿತಿದ್ದವು. ಒಂದನ್ನು ಬಿಚ್ಚಿ ಬಟ್ಟೆಯ ಮೇಲೆ ಕೊಡವಿದಳು. ಕಾಯಿಯ ಬಣ್ಣದ ಸಿಪ್ಪೆ ಜಾಳಿಗೆಯಾಗಿತ್ತು. ಕೆಂಪು ಹಿಟ್ಟಿನೊಂದಿಗೆ ಕಂದುಬಣ್ಣದ ಪುಟ್ಟ ಹುಳಗಳು ಉದುರಿ, ಸತ್ತಂತೆ ಸ್ವಲ್ಪ ಹೊತ್ತು ಬಿದ್ದಿದ್ದು, ಆಮೇಲೆ ಸಾವಕಾಶವಾಗಿ ನಡೆಯತೊಡಗಿದವು.

"ಇದನ್ನ ಯಾಕೆ ಇಟ್ಟಿದೀರಿ ಅಮ್ಮ?"

"ಹುಳ ಬರಬಾರದಂತ. ನಮ್ಮಪ್ಪ ಹಾಕಿದ ಪದ್ಧತಿ."

ವಸುಧಾ ಖಾದರನತ್ತ ತಿರುಗಿದಳು. "ಸರ್, ನಿಮ್ಮ ಗೋದಾಮಿನಲ್ಲಿ ಮೆಣಸಿನಕಾಯಿಗೆ ಹುಳ ಬೀಳಲ್ವಾ?"

"ಬೀಳದ ಏನ್ರಿ ಮೇಡಂ!" ಎಂದ ಖಾದರ, ಕಸುಬಿನ ಮಾತು ಬಂದ ಉತ್ಸಾಹದಲ್ಲಿ. "ಮಳಿಗಾಲ ಬಂತಂದ್ರ ಸಾಕು, ತೂತ ಬಿದ್ದು ಜರಡಿ ಆಗಿಬಿಡತಾವ. ಅದಕ್ಕ ನೋಡ್ರಿ ನಾವೆಲ್ಲಾ ಕೋಲ್ಡ್ ಸ್ಟೋರೇಜ್‌ನ್ಯಾಗ…"

ಅವನ ಕೈ ಗಾಳಿಯಲ್ಲಿಯೇ ಉಳಿಯಿತು.

ಇಡೀ ಊರಿಗೆ ಗೊತ್ತಿದ್ದ ಸಂಗತಿ ಅದು. ಕಾಯಿಗೆ ಹುಳ ಬೀಳುತ್ತದೆ ಎಂದೇ ನಮ್ಮ ಊರಿನ ಸುತ್ತ ಅಷ್ಟೊಂದು ಶೀತಲಗೃಹಗಳು ಎದ್ದಿವೆ. ನಾನೇ ಮಳೆಗಾಲ ಬಂದಾಗಲೆಲ್ಲ ಅದರ ಸುದ್ದಿ ಬರೆದಿದ್ದೇನೆ. ಯಾರು, ಏನು, ಎಲ್ಲಿ, ಯಾವಾಗ, ಎಲ್ಲವೂ ಇತ್ತು ಅದರಲ್ಲಿ. ಪೇಟೆಯಲ್ಲಿ ಹುಳಕ್ಕೆ ಹೆದರಿ ಕಾಯಿ ಕಾಯುವ ಜನ, ಹಿಂದಿನ ಓಣಿಗೆ ಬಂದು ಅದೇ ಕಾಯಿಯನ್ನು ಹುಳಕ್ಕೆ ಕಾವಲಿಟ್ಟಿದ್ದೆವು.

"ಎರಡಕ್ಕೂ ಒಂದೇ ಹುಳ ಅಮ್ಮ" ಎಂದಳು ವಸುಧಾ, ತೀರ ಮೆಲ್ಲಗೆ. "ಮಸಾಲೆ ಪದಾರ್ಥ ಅಂದ್ರೆ ಅದಕ್ಕೆ ಇಷ್ಟ. ಒಳಗೆ ಬಂದ ಮೇಲೆ ಕಾಗದ, ಅಂಟು ಯಾವುದನ್ನೂ ಬಿಡಲ್ಲ. ವರ್ಷ ವರ್ಷ ನಾವೇ ಕರೆದು ಊಟ ಹಾಕಿದ ಹಾಗಾಗಿದೆ."

ಪಡಸಾಲೆಯ ಮೊಳೆಯಲ್ಲಿ ಏಲಕ್ಕಿ ಹಾರ ತೂಗುತ್ತಿತ್ತು.

ನೀಲಕ್ಕ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚುತ್ತ ನಿಂತಿದ್ದಳು. "ಹಂಗಾರ ಈ ಹುಳಾ ನಮ್ಮಪ್ಪನ ತಂದಿಟ್ಟಾನೇನು?" ಎಂದಳು. ಸಂಜೆ ನಾನು ಹೊರಟು ನಿಂತಾಗ ಅವಳು ಪಡಸಾಲೆಯ ಕುರ್ಚಿಯಲ್ಲಿ ಕುಳಿತು ಖಾದರನಿಗೆ ಹೇಳುತ್ತಿದ್ದಳು: "ನಾಳೆ ಆ ಏಸಿ ಕೋಣಿಯವರಿಗೆ ಫೋನ್ ಮಾಡಿಬಿಡಪಾ. ತಗೊಂಡು ಹೋಗಲಿ. ಕೈಯಾರೆ ಹುಳಕ್ಕ ತಿನಿಸಿದಾಕಿ ನಾ. ನನ್ನ ಕಡೆ ಇರಬಾರದು."

ಗೆಲ್ಲಬೇಕಾಗಿದ್ದ ಖಾದರನ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ.

ರಾಣೆಬೆನ್ನೂರಿನ ಬಸ್ಸು ಹತ್ತಿ ಕಿಟಕಿಗೆ ತಲೆಯಾನಿಸಿದೆ. ಹೊರಗೆ ಜಿಟಿಜಿಟಿ ಮಳೆ, ಎರೆಹೊಲಗಳ ಮೇಲೆ ಬೆಳಕು ಆರುತ್ತಿತ್ತು. ಕಾಯಿಯ ಹಂಗಾಮಲ್ಲ, ಗಾಳಿಯಲ್ಲಿ ಒದ್ದೆ ಮಣ್ಣಿನ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಆದರೂ ಮೋಟೆಬೆನ್ನೂರು ಬಂದಾಗ ನನ್ನ ಮೂಗು ತನ್ನ ಹಳೆಯ ಕೆಲಸವನ್ನು ಮರೆಯದೆ ಮಾಡಿತು. ಸೀನಿದೆ. ಸೀನಿದಾಗ ಕಣ್ಣು ಮುಚ್ಚುತ್ತವಲ್ಲ, ಆ ಮುಚ್ಚಿದ ಕಣ್ಣೊಳಗೆ ಪಡಸಾಲೆ ಕಂಡಿತು. ಹಗ್ಗ ಹೆಣೆದ ಹೊರಸು ಮಂಚಗಳ ಸಾಲು. ಪ್ರತಿ ಹೊರಸಿನ ಮುಂದೆ ಒಬ್ಬೊಬ್ಬ ಹುಡುಗ. ಒಂದೊಂದು ಗಂಟು ಪೂರ್ತಿ ಬಿಚ್ಚಿ, ಹಳೆಯ ಕಾಯಿಯನ್ನು ಹೊರಗೆ ಚೆಲ್ಲಿ, ಹಾಳೆ ಹಾಳೆಯನ್ನೂ ಮೆತ್ತನೆಯ ಅರಿವೆಯಿಂದ ಒರೆಸಿ, ನೆರಳಿನ ಗಾಳಿಯಲ್ಲಿ ಹರಡುತ್ತಿದ್ದಾನೆ. ಕೆಂಪು ಧೂಳು ಏಳುತ್ತಿದೆ. ಒಬ್ಬ ಸೀನುತ್ತಾನೆ, ಇನ್ನೊಬ್ಬ ಸೀನುತ್ತಾನೆ. ಬೆನ್ನ ಹಿಂದೆ ಕೈಕಟ್ಟಿಕೊಂಡು ಸಾಲಿನ ಹಿಂದೆ ನಡೆಯುತ್ತಿರುವ ಮಾಸ್ತರರು ಪ್ರತಿ ಸೀನಿಗೂ ನಿಂತು ಹೇಳುತ್ತಾರೆ: "ಸೀನಿದಿ? ಹಂಗಾರ ಬಿಚ್ಚಿದಿ."

ಅದೇ ಆ ಮಾತು. ಸೀನದವನು ಗಂಟು ಬಿಚ್ಚಿಲ್ಲ ಎಂದೇ ಅವರ ಲೆಕ್ಕ.

ನಾನು ಎದ್ದು ಕುಳಿತೆ. ಕಾಗದವನ್ನು ಕಾಯ್ದದ್ದು ಕಾಯಿಯಲ್ಲ. ವರ್ಷಕ್ಕೊಮ್ಮೆ ಬಿಚ್ಚಿದ್ದು, ಒರೆಸಿದ್ದು, ಗಾಳಿ ಕಂಡದ್ದು. ಹುಳ ಮನೆ ಮಾಡುವಷ್ಟರಲ್ಲಿ ಹಳೆಯ ಕಾಯಿ ಹೊರಗೆ ಹೋಗಿರುತ್ತಿತ್ತು. ಆದರೆ ನಮ್ಮ ಉಪಸಂಪಾದಕರು ಕಿವಿಯಲ್ಲಿ ಕೂತಿದ್ದಾರಲ್ಲ. ಬಸ್ಸಿನಲ್ಲಿ ಅರೆನಿದ್ದೆಯಲ್ಲಿ ಕಂಡದ್ದನ್ನು ಸುದ್ದಿ ಎನ್ನುವುದು ಹೇಗೆ? ಇನ್ನೊಬ್ಬನನ್ನು ಕೇಳಬೇಕು. ಉತ್ತರ ಬಾಯಿಗಿಟ್ಟು ಕೇಳಬಾರದು.

ಮರುದಿನ ಬೆಳಿಗ್ಗೆ ವಾಚನಾಲಯಕ್ಕೆ ಹೋಗಿ, ಪಡಸಾಲೆಯಲ್ಲಿ ಫೋನು ಕೈಯಲ್ಲಿ ಹಿಡಿದು ಇನ್ನೂ ಮಾಡದೆ ಕುಳಿತಿದ್ದ ಖಾದರನನ್ನು ಕೇಳಿದೆ: "ಸಣ್ಣವರಿದ್ದಾಗ ಕಾಯಿ ಹಾಕೂ ದಿನ ನೀ ಏನ ಮಾಡತಿದ್ದೆಲೇ?"

"ಏನ ಮಾಡತಿದ್ದೆ? ಸುಳ್ಳು ಸೀನತಿದ್ದೆ."

"ಯಾಕ?"

"ಯಾಕಂದ್ರ? ಅಷ್ಟೂ ಹಾಳಿ ಬಿಚ್ಚಿ ಒರಸಾಕ ಬ್ಯಾಸರಾ ನನಗ. ಕಾಯಿ ತೊಟ್ಟು ಮೂಗಿನ್ಯಾಗ ಇಟಗೊಂಡು ಜೋರ ಸೀನಿಬಿಡತಿದ್ದೆ. ಮಾಸ್ತರ ಬಂದು, 'ಖರೇ ಸೀನು ಹೊಟ್ಟ್ಯಾಗಿಂದ ಬರತೈತಿ ಖಾದರ, ಇದು ಬರೇ ಮೂಗಿನ್ಯಾಗಿಂದ ಬಂದೈತಿ, ಬಿಚ್ಚು' ಅಂದು ಇನ್ನೊಂದು ಗಂಟು ಕೊಟ್ಟು ಹೋಗತಿದ್ರು. ನಮ್ಮಪ್ಪ ಚೀಲಗಟ್ಟಲೆ ಕಾಯಿ ಕೊಟ್ಟರೂ ನನಗ ರಿಯಾಯ್ತಿ ಇದ್ದಿಲ್ಲ."

ಬಾಗಿಲಲ್ಲಿ ನೀಲಕ್ಕ ನಿಂತಿದ್ದಳು. ಕೈಯಲ್ಲಿ ಚಹಾದ ತಟ್ಟೆ.

"ಬಿಚ್ಚತಿದ್ರಾ? ಎಲ್ಲಾ ಗಂಟೂ?"

"ಎಲ್ಲಾ ಅಕ್ಕ. ಹಾಳಿ ಹಾಳಿ. ನಿನಗ ಗೊತ್ತಿಲ್ಲೇನು? ನಿಮ್ಮ ಮನ್ಯಾಗ ನಡೆಯೂ ಕೆಲಸ."

"ನನಗ ಹೆಂಗ ಗೊತ್ತಾಗಬೇಕೋ?" ಎಂದಳು ಅವಳು. "ನಾ ಒಳಗ ಕುಂತು ಅರಿವಿ ಹರದು ಕಾಯಿ ಕಟ್ಟಾಕಿ. ಕಟ್ಟಿದ್ದು ಬಾಗಿಲ ತನಕಾ ತಂದು ಅಪ್ಪನ ಕೈಗೆ ಕೊಡೂದು. ಪಡಸಾಲ್ಯಾಗ ಗಂಡಹುಡುಗರು ಅದಾರಂತ ಹೊಸಲಿ ದಾಟಾಕ ಬಿಡತಿದ್ದಿಲ್ಲ. ನೀವು ಸೀನೂದು ಅಷ್ಟ ಕೇಳತಿತ್ತು. ಕಾಯಿ ಘಾಟಿಗೆ ಸೀನತಾರ ಅನ್ನಕೊಂಡಿದ್ದೆ."

ಅವಳಿಗೆ ಹೊಸ್ತಿಲಿನ ಒಳಗಿನ ಅರ್ಧ ಮಾತ್ರ ಸಿಕ್ಕಿತ್ತು. ಆ ಅರ್ಧವನ್ನು ಅವಳು ಕೂದಲೆಳೆ ತಪ್ಪದೆ ನಡೆಸಿಕೊಂಡು ಬಂದಿದ್ದಳು. ಹೊರಗಿನ ಅರ್ಧ ನಮ್ಮ ಪಾಲಿನದು. ನಾವು ದೊಡ್ಡವರಾಗಿ, ಒಬ್ಬ ದಲಾಲಿಯಾಗಿ ಒಬ್ಬ ವರದಿಗಾರನಾಗಿ, ಪಡಸಾಲೆಯಿಂದ ಇಳಿದು ಹೋಗಿದ್ದೆವು.

ಒಳಗಿನಿಂದ ಬಂದ ವಸುಧಾ ಎಲ್ಲ ಕೇಳಿಸಿಕೊಂಡು ನೀಲಕ್ಕನ ಪಕ್ಕ ಕುಳಿತಳು. "ಅಮ್ಮ, ನಿಮ್ಮ ತಂದೆ ಮಾಡ್ತಿದ್ದದ್ದೇ ಸರಿ. ನಾನು ಇಷ್ಟು ದೂರದಿಂದ ಬಂದು ಹೇಳೋದೂ ಅದನ್ನೇ. ಬಿಚ್ಚಿ, ಒರೆಸಿ, ಗಾಳಿಗಿಡಿ. ಮೆಣಸಿನಕಾಯಿ ಒಂದು ಬಿಟ್ಟು. ಬಿಚ್ಚೋ ಕೈ ಇಲ್ಲದಿದ್ರೆ ಏಸಿ ಕೋಣೆಯಲ್ಲೂ ಇದು ಉಳಿಯಲ್ಲ. ಬಿಚ್ಚೋರು ಇದ್ರೆ ಇಲ್ಲೇ ಉಳಿಯತ್ತೆ. ವರ್ಷಕ್ಕೊಂದು ಸಲ ಜನ ಬರ್ತಾರಾ ಹೇಳಿ, ನಾನು ಹಾಗೇ ಬರೀತೀನಿ."

ನೀಲಕ್ಕ ನಮ್ಮಿಬ್ಬರನ್ನೂ ನೋಡಿದಳು. ಹೆಚ್ಚು ಹೊತ್ತು ನೋಡಲಿಲ್ಲ, ಸಾಕಾಗುವಷ್ಟು ನೋಡಿದಳು.

"ಕಾಯಿ ಕೊಡೂ ಮನಿ ಎಲ್ಲಾ ಅದಾವಲ್ಲ," ಎಂದ ಖಾದರ, ಫೋನನ್ನು ಜೇಬಿಗೆ ಹಾಕುತ್ತ. "ಮನಿಗೊಬ್ಬರು ಬಂದು ಕುಂಡ್ರಲಿ. ಯಾರು ಬರಂಗಿಲ್ಲ ನೋಡೇಬಿಡತೇನಿ. ಮೊದಲ ನಾ ಬರತೇನಿ."

"ನೀ ಬರತಿ, ತೊಟ್ಟು ಬಿಟ್ಟು ಬಾ" ಎಂದಳು ನೀಲಕ್ಕ. ಎರಡು ದಿನಗಳಲ್ಲಿ ಅವಳು ನಕ್ಕದ್ದು ಅದೇ ಮೊದಲು.

ಉಳಿದ ಹುಳಗಳ ಕಥೆ ತಮಾಷೆಯದು. ಕಾಗದವನ್ನು ಗಾಳಿಯಾಡದ ಹಾಗೆ ಕಟ್ಟಿ, ಹಿಮಗಟ್ಟುವ ಚಳಿಯಲ್ಲಿ ಕೆಲವು ವಾರ ಇಡಬೇಕು ಎಂದಳು ವಸುಧಾ. ಖಾದರ ಎದೆಯುಬ್ಬಿಸಿ, "ನನ್ನ ಕೋಲ್ಡ್ ಸ್ಟೋರೇಜ್ ಐತಿ, ಬೇಕಾದಷ್ಟು ಜಾಗಾ" ಎಂದ. "ಅಲ್ಲಿ ಏನಿಟ್ಟಿದೀರಿ ಸರ್?" ಎಂದು ಅವಳು ಕೇಳಿದಳು. ಅವನು ಎದೆ ಇಳಿಸಿದ. ಚಳಿಯೂ ಅಷ್ಟು ಸಾಲದಂತೆ. ಕೊನೆಗೆ ರಾಣೆಬೆನ್ನೂರಿನಲ್ಲಿ ನನಗೆ ಪರಿಚಯದ ಐಸ್‌ಕ್ರೀಮ್ ಅಂಗಡಿಯವರು, ಮಳೆಗಾಲಕ್ಕೆ ವ್ಯಾಪಾರವಿಲ್ಲದೆ ಖಾಲಿಯಿದ್ದ ತಮ್ಮ ಫ್ರೀಜರು ಬಿಟ್ಟುಕೊಟ್ಟರು. ಕಂತುಕಂತಾಗಿ ಗಂಟುಗಳು ನನ್ನ ತೊಡೆಯ ಮೇಲೆ ಬಸ್ಸಿನಲ್ಲಿ ಪ್ರಯಾಣ ಮಾಡಿದವು. ಸಂಜೆ ತಿರುಗಾಡಲು ಹೋದಾಗ ಆ ಅಂಗಡಿಯ ಮುಂದೆ ನಿಲ್ಲುತ್ತಿದ್ದೆ. ಮಂಜು ಮುಸುಕಿದ ಗಾಜಿನ ಕೆಳಗೆ, ಉಳಿದ ನಾಲ್ಕಾರು ಕುಲ್ಫಿಗಳ ಪಕ್ಕದಲ್ಲಿ, ಎಂದೋ ಡೇರೆ ಕಿತ್ತ ನಾಟಕ ಕಂಪನಿಗಳೂ, ಎಂದೋ ನಡೆದ ಲಗ್ನಗಳೂ ತಣ್ಣಗೆ ಮಲಗಿದ್ದವು. ಮೋಟೆಬೆನ್ನೂರಿನ ಮುದುಕಿಯ ಅಪ್ಪನೂ ಅಲ್ಲಿಯೇ ಇದ್ದ. ಒಳ್ಳೆಯ ನಿದ್ದೆ ಎನ್ನಿಸುತ್ತಿತ್ತು. ಎಬ್ಬಿಸಲು ಮನಸ್ಸಾಗುತ್ತಿರಲಿಲ್ಲ.

ಈ ಸಂಕ್ರಾಂತಿ ಕಳೆದ ಮೇಲೆ ಕಾಯಿ ಹಾಕುವ ದಿನ ಬಂತು. ಹೆಸರು ಬದಲಿಸೋಣವೆಂದರೆ ನೀಲಕ್ಕ ಒಪ್ಪಲಿಲ್ಲ. ಪಡಸಾಲೆಯ ತುಂಬ ಹೊರಸು, ಮನೆಗೊಬ್ಬರಂತೆ ಜನ, ಹೆಂಗಸರೇ ಹೆಚ್ಚು. ವಸುಧಾ ತಾನಾಗಿಯೇ ರಜೆ ಹಾಕಿ ಬಂದಿದ್ದಳು. ಮುಖಕ್ಕೆ ಮಾಸ್ಕು, ಕೈಗೆ ಕುಂಚ ಕೊಟ್ಟು, ಹಾಳೆಯನ್ನು ನಡುವಿನಿಂದ ಅಂಚಿಗೆ ಹೇಗೆ ಒರೆಸಬೇಕೆಂದು ತೋರಿಸಿದಳು. ಖಾದರ ರೂಢಿಯಂತೆ ಹೊಸ ಕಾಯಿಯ ಚೀಲ ಹೊತ್ತು ಬಂದು ಮೆಟ್ಟಿಲ ಮೇಲೆ ನಿಂತ.

"ಅಲ್ಲೇ ನಿಂದ್ರು" ಎಂದಳು ನೀಲಕ್ಕ. "ಚೀಲಾ ಓಣ್ಯಾಗ ಇಡು. ಕೆಲಸ ಮುಗಿಸಿದವರು ಹೋಗೂ ಮುಂದ ಬೊಗಸಿ ತುಂಬ ಒಯ್ಯಲಿ, ಸಾರಿಗೆ."

"ಅಪ್ಪನ ಕಾಲದಿಂದ ಒಳಗ ತಂದ ಮನಿತನಾ ಅಕ್ಕ ನಮ್ಮದು!"

"ಹೌದು. ಇನ್ನ ಮ್ಯಾಲೆ ಹೊರಗ ಇಡೂ ಮನಿತನಾ."

ಅವನು ಚೀಲ ಇಳಿಸಿ, ಮೊಬೈಲು ತೆಗೆದು ಬಿಚ್ಚಿದ ಪುಟಗಳ ಚಿತ್ರ ಹೊಡೆಯುವ ಕೆಲಸ ಹಿಡಿದ. ಆ ಹುಚ್ಚು ಇನ್ನೂ ಬಿಟ್ಟಿಲ್ಲ, ಮೊನ್ನೆ ನನಗೆ ಬಂದ ಚಿತ್ರವೂ ಅದೇ ದಿನದ್ದು. ಆ ಪುಟದ ಅಂಚಿನ ಕೆಂಪು ಕಲೆ ನೋಡಿ ವಸುಧಾ, "ಇದನ್ನ ಸ್ವಲ್ಪ ತಿಳಿ ಮಾಡಬಹುದು, ಮಾಡ್ಲಾ?" ಎಂದು ಕೇಳಿದ್ದಳು. ನೀಲಕ್ಕ ಬಗ್ಗಿ ನೋಡಿದಳು. ಕಲೆ ಕಾಯಿಯ ಆಕಾರದ್ದೇ, ತೊಟ್ಟಿನ ಗುರುತೂ ಮೂಡಿತ್ತು. "ಇರಲಿ ಬಿಡು ತಂಗಿ. ನಾ ಕಟ್ಟಿದ್ದು ಅದು" ಎಂದಳು.

ಆಮೇಲೆ ಕಪಾಟಿನಿಂದ ತಾನೇ ಒಂದು ಗಂಟು ಎತ್ತಿಕೊಂಡಳು. ಎದೆಗವಚಿಕೊಂಡು ಬಾಗಿಲವರೆಗೆ ಬಂದವಳು ಹೊಸ್ತಿಲ ಹತ್ತಿರ ಯಾಕೋ ಒಮ್ಮೆ ನಿಂತಳು. ನಿತ್ಯ ನೂರು ಸಲ ದಾಟುವ ಹೊಸ್ತಿಲು. ಸೀರೆಯ ನೆರಿಗೆ ಎತ್ತಿ ಹಿಡಿದು ದಾಟಿ ಬಂದು, ಹೊರಸಿನ ಮುಂದೆ ಕುಳಿತು, ಅರಿವೆ ಬಿಚ್ಚಿದಳು. ಮಾಸ್ಕಿನಲ್ಲಿ ಉಸಿರು ಕಟ್ಟುತ್ತದೆಂದು ಅದನ್ನು ಗದ್ದಕ್ಕೆ ಇಳಿಸಿಕೊಂಡಳು. ವಸುಧಾ ಬೇಡ ಎನ್ನುವಷ್ಟರಲ್ಲಿ ಕುಂಚ ಆಡಿತು. ಹಿಮದಲ್ಲಿ ಮಲಗಿ ಎದ್ದ ಹಾಳೆಯಿಂದ, ಹಿಂದಿನ ಎಷ್ಟೋ ವರ್ಷಗಳ ತೆಳುವಾದ ಕೆಂಪು ಧೂಳು ಎದ್ದು ಪಡಸಾಲೆಯ ಬಿಸಿಲಿನಲ್ಲಿ ತೇಲಿತು.

ನೀಲಕ್ಕ ಸೀನಿದಳು. ಹೊಟ್ಟೆಯೊಳಗಿಂದ, ಹೊರಸು ಅಲುಗುವ ಹಾಗೆ.

ನಾನು ಖಾದರನನ್ನು ನೋಡಿದೆ, ಅವನು ನನ್ನನ್ನು. ಆಮೇಲೆ ಅವನು ಮೊಬೈಲು ಕೆಳಗಿಟ್ಟು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಹೊರಸುಗಳ ಸಾಲಿನ ಹಿಂದೆ ನಿಧಾನವಾಗಿ ನಡೆದು ಬಂದು ಅವಳ ಹಿಂದೆ ನಿಂತ.

"ಸೀನಿದಿ?" ಎಂದ. "ಹಂಗಾರ ಬಿಚ್ಚಿದಿ."

ನೀಲಕ್ಕ ತಿರುಗಿ ನೋಡಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು, ಮುಂದಿನ ಹಾಳೆ ಎತ್ತಿದಳು.